ಲಿವಿಂಗ್‌ಸ್ಟನ್ ಮನೆಯಲ್ಲಿ ನಾಸಿಕದ ಹುಡುಗ

ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರಕ್ಕೆ ಸಮೀಪದ ಬ್ಲಾಂಟೈರ್ ಎಂಬ ಊರಿನಲ್ಲಿ, ಕ್ಲೈಡ್ ನದಿಯ ದಂಡೆಯ ಮೇಲೆ, ಹತ್ತಿ ಗಿರಣಿಯ ಕಾರ್ಮಿಕರಿಗೆಂದು ಕಟ್ಟಿದ ಹಳೆಯ ವಠಾರವೊಂದಿದೆ. ಆಫ್ರಿಕದ ಅನ್ವೇಷಕನೆಂದು ನಾವು ಶಾಲೆಯಲ್ಲಿ ಓದಿದ ಡೇವಿಡ್ ಲಿವಿಂಗ್‌ಸ್ಟನ್ 1813ರಲ್ಲಿ ಹುಟ್ಟಿದ್ದು ಇಲ್ಲಿಯೇ. 24 ಕುಟುಂಬಗಳಿಗೆ ಒಂದೊಂದೇ ಕೋಣೆ. ಹದಿನಾಲ್ಕು ಅಡಿಗೆ ಹತ್ತು ಅಡಿಯ ಅಂಥದೊಂದು ಕೋಣೆಯಲ್ಲಿ ತಂದೆತಾಯಿ ಮತ್ತು ಐವರು ಮಕ್ಕಳು. ಹತ್ತನೆಯ ವಯಸ್ಸಿಗೇ ಗಿರಣಿ ಸೇರಿದ ಬಾಲಕ ಬೆಳಗಿನ ಆರರಿಂದ ರಾತ್ರಿ ಎಂಟರವರೆಗೆ ಕಡಿದ ನೂಲನ್ನು ಜೋಡಿಸುತ್ತಿದ್ದ. ಮೊದಲ ವಾರದ ಕೂಲಿಯ ಒಂದು ಭಾಗದಲ್ಲಿ ಲ್ಯಾಟಿನ್ ವ್ಯಾಕರಣದ ಪುಸ್ತಕ ಕೊಂಡನಂತೆ. ಆ ಕೋಣೆಯಲ್ಲಿ ನಿಂತಾಗ, ನಮ್ಮ ಗಿರಣಿ ಚಾಳುಗಳನ್ನು ಕಂಡಿದ್ದ ನನಗೆ ಅದು ಪರಕೀಯವೆನಿಸಲಿಲ್ಲ.

1920ರ ದಶಕದಲ್ಲಿ ಈ ವಠಾರ ಪಾಳುಬಿದ್ದು ನೆಲಸಮವಾಗುವುದರಲ್ಲಿತ್ತು. ಸಾರ್ವಜನಿಕರ ವಂತಿಗೆಯಿಂದ ಅದನ್ನು ಉಳಿಸಿ, 1929ರ ಅಕ್ಟೋಬರಿನಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆಯಲಾಯಿತು. ಶಿಲ್ಪಿ ಪಿಲ್ಕಿಂಗ್ಟನ್ ಜಾಕ್ಸನ್ ಲಿವಿಂಗ್‌ಸ್ಟನ್‌ನ ಜೀವನದ ಘಟ್ಟಗಳನ್ನು ಬಣ್ಣದ ಶಿಲ್ಪಫಲಕಗಳಲ್ಲಿ ನಿರೂಪಿಸಿದ. ಅದು ಸಂತಚರಿತ್ರೆಯ ಧಾಟಿ. ಆ ಕಾಲಕ್ಕೆ ಬೇರೆ ಧಾಟಿ ಇರಲಿಲ್ಲ.

2017ರಲ್ಲಿ ದುರಸ್ತಿಗಾಗಿ ಮುಚ್ಚಿದ ಸಂಗ್ರಹಾಲಯ 2021ರ ಜುಲೈನಲ್ಲಿ ಮತ್ತೆ ತೆರೆಯಿತು. ಖರ್ಚು 91 ಲಕ್ಷ ಪೌಂಡು. ಕಟ್ಟಡವೂ ಶಿಲ್ಪಗಳೂ ಜೀರ್ಣೋದ್ಧಾರವಾದವು, ನಿಜ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಕಥೆಯ ಜೀರ್ಣೋದ್ಧಾರ. ಬ್ಲಾಂಟೈರಿನ ಗಿರಣಿ ನೂತ ಹತ್ತಿಯ ಹಿಂದೆ ಗುಲಾಮರ ದುಡಿಮೆಯಿತ್ತೆಂಬುದನ್ನು ಈಗ ಅಲ್ಲಿ ಮುಚ್ಚಿಡುವುದಿಲ್ಲ. ಸೂಸಿ, ಚುಮಾ, ಜೇಕಬ್ ವೈನ್‌ರೈಟ್ ಎಂಬ ಆಫ್ರಿಕದ ಸಂಗಾತಿಗಳನ್ನು ಹೆಸರು ಹಿಡಿದು ನೆನೆಯುತ್ತಾರೆ.

ಲಿವಿಂಗ್‌ಸ್ಟನ್ 1873ರಲ್ಲಿ ಇಂದಿನ ಜಾಂಬಿಯದ ಹಳ್ಳಿಯೊಂದರಲ್ಲಿ ತೀರಿಕೊಂಡಾಗ, ಅವನ ಹೃದಯವನ್ನು ಅಲ್ಲಿಯೇ ಮರದ ಬುಡದಲ್ಲಿ ಹೂತು, ದೇಹವನ್ನು ಒಣಗಿಸಿ, ಸಾವಿರದೈನೂರಕ್ಕೂ ಹೆಚ್ಚು ಕಿಲೋಮೀಟರು ದೂರದ ಕಡಲತೀರಕ್ಕೆ ಹೊತ್ತು ತಂದವರು ಈ ಸಂಗಾತಿಗಳು. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿರುವ ಅವನ ಸಮಾಧಿಶಿಲೆ ವಿಶ್ವಾಸದ ಕೈಗಳು ತಂದವೆಂದಷ್ಟೇ ಹೇಳುತ್ತದೆ. ಆ ಕೈಗಳಿಗೆ ಹೆಸರಿಲ್ಲ.

ಅವುಗಳಲ್ಲಿ ಕೆಲವು ಕೈಗಳು ಅಕ್ಷರ ಕಲಿತದ್ದು ನಮ್ಮ ದೇಶದಲ್ಲಿ. ಮರದ ಮೇಲೆ ಒಡೆಯನ ಹೆಸರು ಕೆತ್ತಿ, ಅಂತ್ಯಕ್ರಿಯೆಯ ಪಾಠ ಓದಿದ ವೈನ್‌ರೈಟ್, ನಾಸಿಕದ ಬಳಿಯ ಶರಣಪುರದಲ್ಲಿ ಬಿಡುಗಡೆಗೊಂಡ ಗುಲಾಮ ಮಕ್ಕಳಿಗಾಗಿ ನಡೆಯುತ್ತಿದ್ದ ಮಿಷನ್ ಶಾಲೆಯ ವಿದ್ಯಾರ್ಥಿ. ಚುಮಾ ಕೆಲಕಾಲ ಮುಂಬಯಿಯಲ್ಲಿ ಓದಿದವನು. 1864ರಲ್ಲಿ ಲಿವಿಂಗ್‌ಸ್ಟನ್ ತನ್ನ ಪುಟ್ಟ ಹಡಗಿನಲ್ಲಿ ಹಿಂದೂ ಮಹಾಸಾಗರ ದಾಟಿ ಮುಂಬಯಿ ತಲುಪಿದ್ದ. ಚುಮಾ, ಸೂಸಿ ಆ ಹಡಗಿನಲ್ಲಿದ್ದರು. ಅಮೆರಿಕದ ಅಂತರ್ಯುದ್ಧದಿಂದಾಗಿ ಧಾರವಾಡದ ಹತ್ತಿಗೂ ಬೆಲೆ ಏರಿದ್ದ, ಮುಂಬಯಿ ಷೇರು ಹುಚ್ಚಿನಲ್ಲಿ ಮುಳುಗಿದ್ದ ದಿನಗಳವು. ಮರುವರ್ಷ ಹಡಗು ಮಾರಿದ ಹಣವನ್ನು ಇಲ್ಲಿನ ಬ್ಯಾಂಕೊಂದರಲ್ಲಿಟ್ಟ; ಆ ಬ್ಯಾಂಕೂ ಮುಳುಗಿತು. (ಅರ್ಥಶಾಸ್ತ್ರ ಓದಿದವನಿಗೆ ಇಂಥ ವಿವರಗಳ ಚಪಲ ಬಿಡದು.)

ಸಂಗಾತಿಗಳನ್ನು ಮುಂದೆ ತಂದರೆ ನಾಯಕನನ್ನು ಕುಗ್ಗಿಸಿದಂತೆ ಎಂದು ಕೊರಗುವವರು ಎಲ್ಲ ದೇಶಗಳಲ್ಲಿಯೂ ಇದ್ದಾರೆ. ನನಗೆ ಹಾಗನ್ನಿಸಲಿಲ್ಲ. ಗುಲಾಮ ವ್ಯಾಪಾರದ ವಿರುದ್ಧ ಬರೆದವನೊಬ್ಬನ ಮನೆಯಲ್ಲಿ ಗುಲಾಮಗಿರಿಯಿಂದ ಪಾರಾದವನ ಹೆಸರಿರುವುದು ಅಸಂಗತವೂ ಅಲ್ಲ.

ಹೊರಬರುವಾಗ ಹಳೆಯ ಕಡತವೊಂದು ನೆನಪಾಯಿತು. ಸೇವೆಯಲ್ಲಿದ್ದಾಗ ಸ್ಮಾರಕ ಭವನವೊಂದರ ದುರಸ್ತಿಯ ಅಂದಾಜುಪಟ್ಟಿ ನನ್ನ ಮೇಜಿಗೆ ಬಂದಿತ್ತು. ಹೆಂಚು, ಸುಣ್ಣ, ನೆಲಹಾಸುಗಳನ್ನು ಸಾಲುಸಾಲಾಗಿ ಪರಿಶೀಲಿಸಿ, ಶೇಕಡಾ ಹತ್ತು ಕಡಿತಗೊಳಿಸಿ ಸಹಿ ಮಾಡಿದ್ದೆ. ಒಳಗಿನ ಫಲಕಗಳಲ್ಲಿ ಯಾರ ಹೆಸರಿದೆ, ಯಾರದಿಲ್ಲ ಎಂದು ಕೇಳಲಿಲ್ಲ. ಅದಕ್ಕೊಂದು ಲೆಕ್ಕಶೀರ್ಷಿಕೆಯೂ ಇರಲಿಲ್ಲ. ಈಗ ಆ ಭವನಕ್ಕೆ ಒಮ್ಮೆ ಹೋಗಿ, ಟಿಕೆಟು ಕೊಂಡು, ಫಲಕಗಳನ್ನೆಲ್ಲ ಓದಬೇಕೆಂದಿದ್ದೇನೆ.