ಬೊಂಬಿಲ್‌ನ ಬಾಯಿ

ನಾಸಿಕದಲ್ಲಿ ನೆಲೆಸಿರುವ ಮಂಗಳೂರು ಕಡೆಯ ಓದುಗರೊಬ್ಬರು ಕೇಳಿದ್ದಾರೆ: ಇಲ್ಲಿನ ಸಂತೆಯಲ್ಲೂ ಛತ್ರಪತಿ ಸಂಭಾಜಿನಗರದ ಸಂತೆಯಲ್ಲೂ ಕಾಣುವ ಒಣ ಬೊಂಬಿಲ್ ನಮ್ಮೂರಲ್ಲಿ ಯಾಕಿಲ್ಲ? ಅಷ್ಟು ಮೆದು ಮೀನು ಕಡಲಲ್ಲಿ ಏನು ತಿಂದು ಬದುಕುತ್ತದೆ?

ಎರಡನೆಯದಕ್ಕೆ ಮೊದಲು ಉತ್ತರ ಹೇಳುತ್ತೇನೆ, ಅದೇ ಹೆಚ್ಚು ಸೊಗಸಾದ ಪ್ರಶ್ನೆ. ಬೊಂಬಿಲ್ ಪಕ್ಕಾ ಬೇಟೆಗಾರ. ಬಾಯಿಯ ಸೀಳು ಕಣ್ಣನ್ನು ದಾಟಿ ಬಹಳ ಹಿಂದಕ್ಕೆ ಹೋಗುತ್ತದೆ. ಕೆಳದವಡೆ ಮುಂದಕ್ಕೆ ಚಾಚಿದೆ. ಎರಡೂ ದವಡೆಗಳ ತುಂಬ ಒಳಮುಖವಾಗಿ ಬಾಗಿದ ಸೂಜಿ ಹಲ್ಲುಗಳು. ಒಳಹೊಕ್ಕದ್ದು ಹೊರಬರುವುದಿಲ್ಲ. ಮಹಾರಾಷ್ಟ್ರ, ಗುಜರಾತಿನ ಮೀನುಗಾರರು ಈ ಹಲ್ಲನ್ನೇ ಕೆಲಸಕ್ಕೆ ಹಚ್ಚಿದ್ದಾರೆ: ಎರಡು ಮೀನುಗಳ ದವಡೆಗಳನ್ನು ಒಂದಕ್ಕೊಂದು ಸಿಕ್ಕಿಸಿ ಜೋಡಿಯನ್ನು ಹಗ್ಗದ ಮೇಲೆ ಇಳಿಬಿಟ್ಟರೆ ಸಾಕು, ಒಣಗುವವರೆಗೂ ಜಾರುವುದಿಲ್ಲ.

ಹಸಿ ಬೊಂಬಿಲ್‌ನ ತೂಕದಲ್ಲಿ ಶೇಕಡಾ 90ರಷ್ಟು ನೀರೇ. ಹತ್ತು ಕಿಲೋ ಒಣಗಿಸಿದರೆ ಒಂದೂಕಾಲು ಕಿಲೋ ಉಳಿದರೆ ಹೆಚ್ಚು. ಇದನ್ನು ಬಲಹೀನತೆ ಎನ್ನುವುದಕ್ಕಿಂತ ಮಿತವ್ಯಯ ಎನ್ನುವುದು ನನಗೆ ಸರಿ ಕಾಣುತ್ತದೆ. ಸ್ನಾಯು ಕಟ್ಟಲು, ಸಾಕಲು ಖರ್ಚು ಬಹಳ. ಅಂಜಲ್ ಮೀನಿನಂತೆ ಅಟ್ಟಿಸಿಕೊಂಡು ಹೋಗಬೇಕಿಲ್ಲದವನಿಗೆ ಗಟ್ಟಿ ಮೈಯೇಕೆ?

ಅಟ್ಟಬೇಕಿಲ್ಲ, ಏಕೆಂದರೆ ಊಟವನ್ನು ಭರತ ಹೊತ್ತು ತರುತ್ತದೆ. ಖಂಭಾತ್ ಕೊಲ್ಲಿಯಲ್ಲಿ ಭರತ-ಇಳಿತಗಳ ಅಂತರ ಹತ್ತು ಮೀಟರ್ ಮುಟ್ಟುತ್ತದೆ, ಮುಂಬೈಯಲ್ಲಿ ಸುಮಾರು ಐದು. ಆ ಕೆಸರು ನೀರಿನ ಸೆಳೆತದಲ್ಲಿ ಜವಳಾ ಎಂಬ ಎರಡು ಮೂರು ಸೆಂಟಿಮೀಟರಿನ ಸಿಗಡಿ ಹಿಂಡುಗಟ್ಟಿ ಸಾಗುತ್ತದೆ. ಬೊಂಬಿಲ್‌ನ ಮುಖ್ಯ ಆಹಾರ ಅದು. ಮೀನುಗಾರರ ಡೋಲ್ ಬಲೆಯ ಉಪಾಯವೂ ಬೇರೆಯಲ್ಲ: ಉದ್ದನೆಯ ಚೀಲ, ಅಗಲ ಬಾಯಿ, ಪ್ರವಾಹಕ್ಕೆ ಎದುರಾಗಿ ಕಟ್ಟಿ ಬಿಡುವುದು. ಸೆಳೆತ ನಿಂತಾಗ ಎತ್ತಿದರೆ ಚೀಲದ ತಳದಲ್ಲಿ ಜವಳಾ, ಬೊಂಬಿಲ್ ಎರಡೂ.

ಇಲ್ಲಿ ಒಂದು ತೊಡಕಿದೆ. ಎಸ್. ವಿ. ಬಾಪಟ್ 1970ರಲ್ಲಿ ಈ ಮೀನಿನ ಬಗ್ಗೆ ಕೇಂದ್ರ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯಿಂದ ಪ್ರಕಟಿಸಿದ ಪುಸ್ತಕವೂ ಸೇರಿ, ಬೊಂಬಿಲ್‌ನ ಆಹಾರದ ಬಗ್ಗೆ ನಮಗೆ ಗೊತ್ತಿರುವುದರಲ್ಲಿ ಬಹುಪಾಲು ಹೊಟ್ಟೆ ಸೀಳಿ ನೋಡಿದ್ದು. ಹೊಟ್ಟೆಯಲ್ಲಿ ಸಿಗಡಿ, ಸಣ್ಣ ಮೀನು, ಎಷ್ಟೋ ಸಲ ಎಳೆಯ ಬೊಂಬಿಲ್! ಸ್ವಜಾತಿ ಭಕ್ಷಣೆ ಎಂದೊಡನೆ ರೋಚಕ ಶೀರ್ಷಿಕೆ ಕೊಡುವವರು ಸ್ವಲ್ಪ ತಡೆಯಬೇಕು. ಬಲೆಯ ತಳದಲ್ಲಿ ಗಂಟೆಗಟ್ಟಲೆ ಒತ್ತಿಕೊಂಡಿರುವ ಮೀನು ಬಾಯಿಗೆ ತಾಗಿದ್ದನ್ನು ನುಂಗಿರಲೂಬಹುದು. ಜೀರ್ಣವಾಗುತ್ತಿರುವ ತುತ್ತನ್ನು ನಂಬಬೇಕು, ಹೊಚ್ಚ ಹೊಸದನ್ನು ಅನುಮಾನಿಸಬೇಕು. ಎಳೆಯವನ್ನು ತಿನ್ನುವುದಂತೂ ನಿಜ; ಎಷ್ಟು ಎಂಬುದಷ್ಟೇ ತಕರಾರು.

ಇನ್ನು ಮೊದಲ ಪ್ರಶ್ನೆ. ಬೊಂಬಿಲ್‌ಗೆ ವೈಜ್ಞಾನಿಕ ಹೆಸರು ಕೊಟ್ಟವನು ಕನ್ನಡಿಗರಿಗೆ ಹಳೆಯ ಪರಿಚಯದವನೇ. ಟಿಪ್ಪುವಿನ ಪತನದ ಮರುವರ್ಷ, 1800ರಲ್ಲಿ, ಮೈಸೂರು, ಕೆನರಾ ಸೀಮೆಗಳನ್ನು ಸುತ್ತಿ ಬೆಳೆ, ಜಾತಿ, ಕಂದಾಯ ಎಲ್ಲ ಬರೆದುಕೊಂಡ ಫ್ರಾನ್ಸಿಸ್ ಬುಕಾನನ್, ಮುಂದೆ ಹ್ಯಾಮಿಲ್ಟನ್ ಎಂದು ಹೆಸರು ಬದಲಿಸಿಕೊಂಡು 1822ರಲ್ಲಿ ಗಂಗಾ ನದಿಯ ಮೀನುಗಳ ಗ್ರಂಥ ತಂದ. ಬೊಂಬಿಲ್ ಇರುವುದು ಅದರಲ್ಲಿ, ಬಂಗಾಳದ ಮೀನಾಗಿ. ಈ ಮೀನಿನ ನೆಲೆ ತುಂಡಾಗಿದೆ: ಸೌರಾಷ್ಟ್ರದಿಂದ ರತ್ನಾಗಿರಿಯ ಸುತ್ತಮುತ್ತಲವರೆಗೆ ಒಂದು, ಆಂಧ್ರದಿಂದ ಬಂಗಾಳದವರೆಗೆ ಇನ್ನೊಂದು. ನಾಸಿಕದ ಗೋದಾವರಿ ಹೋಗಿ ಸೇರುವ ಕಡಲಲ್ಲೂ ಬೊಂಬಿಲ್ ಉಂಟು, ನಡುವಿನ ನಮ್ಮ ಕರಾವಳಿಯಲ್ಲಿ ನಾಮಮಾತ್ರ. ಮಂಗಳೂರಿನಲ್ಲಿ ಊಟ ಹೊತ್ತು ತರುವ ಭರತದ ಏರಿಳಿತವೇ ಒಂದೂವರೆ ಮೀಟರ್ ಆಸುಪಾಸು. ನರ್ಮದೆ, ತಾಪಿಯಷ್ಟು ಹೂಳು ತರುವ ನದಿಗಳೂ ಇಲ್ಲ. ಮಂಗಳೂರಿನ ಕಡಲಲ್ಲಿರುವುದು ಬೊಂಬಿಲ್‌ನ ದಾಯಾದಿ ಅರಣೆ ಮೀನು. ಹಲ್ಲು ಹಾಗೆಯೇ, ಮೈ ಮಾತ್ರ ಗಟ್ಟಿ.