ಕೈಚೀಲದ ಗಣಕಯಂತ್ರ: ಆರಿಸುವುದು ಹೇಗೆ?

ಕಳೆದ ವರ್ಷ ನಮ್ಮ ಬಿ.ಎಸ್‌ಸಿ. ತರಗತಿಯ ವಿದ್ಯಾರ್ಥಿಯೊಬ್ಬನು ಒಂದು ಅಗ್ಗದ ಟ್ಯಾಬ್ಲೆಟ್ಟನ್ನು ಕೊಂಡು ತಂದು ನಮಗೆ ತೋರಿಸಿದನು. ರಜೆಯಲ್ಲಿ ಅಂಗಡಿಯೊಂದರಲ್ಲಿ ದುಡಿದು ಕೂಡಿಟ್ಟ ಹಣವೆಲ್ಲ ಅದಕ್ಕೆ ಸಂದಿದ್ದಿತು. ದಿನವೂ ಊರಿನಿಂದ ಕಾಲೇಜಿಗೆ ಬಂದುಹೋಗುವುದರಲ್ಲಿ ಅವನಿಗೆ ಮೂರು ಗಂಟೆ ಬಸ್ಸಿನಲ್ಲಿಯೇ ಕಳೆಯುತ್ತದೆ. ಆ ಹೊತ್ತಿನಲ್ಲಿ ಪೈಥಾನ್ ಭಾಷೆಯಲ್ಲಿ ಸಣ್ಣಪುಟ್ಟ ಪ್ರೋಗ್ರಾಂಗಳನ್ನು ಬರೆಯಬೇಕೆಂಬುದು ಅವನ ಹಂಬಲ. ಆದರೆ ತಿಂಗಳು ತುಂಬುವುದರೊಳಗೆ ಟ್ಯಾಬ್ಲೆಟ್ಟು ಮೂಲೆ ಸೇರಿತು. ಬರೆಯುತ್ತಿದ್ದುದನ್ನು ಬಿಟ್ಟು, ಬ್ರೌಸರಿನಲ್ಲಿ ಒಂದು ಪುಟ ಓದಿ ಹಿಂದಿರುಗುವಷ್ಟರಲ್ಲಿ ಮೊದಲಿನ ಕೆಲಸ ತಾನಾಗಿಯೇ ಮುಚ್ಚಿಹೋಗಿರುತ್ತಿತ್ತು. ಯಂತ್ರವೇನೂ ಕೆಟ್ಟಿರಲಿಲ್ಲ. ಪೆಟ್ಟಿಗೆಯ ಮೇಲೆ ಅಚ್ಚಾಗಿದ್ದ ಅಂಕಿಗಳೂ ಸುಳ್ಳಾಗಿರಲಿಲ್ಲ. ಆ ಅಂಕಿಗಳ ಅರ್ಥ ಹುಡುಗನಿಗೆ ತಿಳಿದಿರಲಿಲ್ಲ, ಅಷ್ಟೆ. ಇಂತಹ ನಷ್ಟ ಇನ್ನೊಬ್ಬರಿಗೆ ಆಗದಿರಲೆಂಬ ಉದ್ದೇಶದಿಂದ ಆ ಅಂಕಿಗಳನ್ನು ಇಲ್ಲಿ ಒಂದೊಂದಾಗಿ ಪರಿಶೀಲಿಸೋಣ.

ಕೈಯಲ್ಲಿ ಹಿಡಿದು ಪ್ರೋಗ್ರಾಂ ಬರೆಯಬಹುದಾದ ಯಂತ್ರದ ಕಲ್ಪನೆ ಹೊಸದಲ್ಲ. ಅಮೆರಿಕದ ಅಲನ್ ಕೇ ಎಂಬ ವಿಜ್ಞಾನಿ 1972ರಲ್ಲಿಯೇ ಮಕ್ಕಳಿಗಾಗಿ ‘ಡೈನಬುಕ್’ ಎಂಬ ಪುಸ್ತಕದಾಕಾರದ ಗಣಕಯಂತ್ರವನ್ನು ಕಲ್ಪಿಸಿ ವಿವರಿಸಿದ್ದರು. ನಮ್ಮ ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರೂ ಖಾಸಗಿ ಸಂಸ್ಥೆಯ ಇಂಜಿನಿಯರುಗಳೂ ಕೂಡಿ, ಬಡವರ ಕೈಗೆಟುಕುವ ‘ಸಿಂಪ್ಯೂಟರ್’ ಎಂಬ ಅಂಗೈಯಗಲದ ಯಂತ್ರವನ್ನು ರೂಪಿಸಿದರು. ಅದು 2004ರಲ್ಲಿ ಮಾರುಕಟ್ಟೆಗೆ ಬಂದಿತು. 2011ರಲ್ಲಿ ದೆಹಲಿಯಲ್ಲಿ ಬಿಡುಗಡೆಯಾದ ‘ಆಕಾಶ್’ ಟ್ಯಾಬ್ಲೆಟ್ಟನ್ನೂ ವಿದ್ಯಾರ್ಥಿಗಳಿಗಾಗಿಯೇ ತಯಾರಿಸಲಾಗಿತ್ತು. ಅದರ ರ‍್ಯಾಮ್ ಕೇವಲ 256 ಮೆಗಾಬೈಟ್. ಇಂದಿನ ಅಗ್ಗದ ಟ್ಯಾಬ್ಲೆಟ್ಟುಗಳು ಅದರ ಹಲವು ಪಟ್ಟು ಸಮರ್ಥವಾದುವು. ಆದರೂ ನಿರಾಶೆಯೇಕೆ ಉಂಟಾಗುತ್ತದೆ?

ಮೊದಲು ಕೆಲಸದ ಗಾತ್ರವನ್ನು ಅಳೆಯೋಣ. ಸಾವಿರ ಸಾಲುಗಳ ಒಂದು ಪ್ರೋಗ್ರಾಂ ಇದೆಯೆನ್ನೋಣ. ಸಾಲಿಗೆ ಸರಾಸರಿ ನಲವತ್ತು ಅಕ್ಷರಗಳು. ರೋಮನ್ ಲಿಪಿಯ ಒಂದಕ್ಷರಕ್ಕೆ ಒಂದು ಬೈಟ್ ಸಾಕಾದುದರಿಂದ ಒಟ್ಟು 40,000 ಬೈಟುಗಳಾದುವು. 4 ಗಿಗಾಬೈಟ್ ಎಂದರೆ ಸುಮಾರು 400 ಕೋಟಿ ಬೈಟುಗಳು. ಅಂದಮೇಲೆ ನಮ್ಮ ಪ್ರೋಗ್ರಾಂ ಅದರ ಲಕ್ಷದಲ್ಲಿ ಒಂದು ಪಾಲು ಮಾತ್ರ! ಹವ್ಯಾಸಿಯು ಬರೆಯುವ ಪ್ರೋಗ್ರಾಂ ಯಂತ್ರಕ್ಕೆ ಭಾರವಲ್ಲ. ಭಾರವಾದುವು ಅದರ ಸುತ್ತಲಿನ ಪರಿವಾರ, ಎಂದರೆ ಯಂತ್ರವನ್ನು ನಡೆಸುವ ಆಂಡ್ರಾಯ್ಡ್ ವ್ಯವಸ್ಥೆ, ಬ್ರೌಸರ್, ಹಿನ್ನೆಲೆಯಲ್ಲಿ ಓಡುತ್ತಿರುವ ಇತರ ಆ್ಯಪ್‌ಗಳು.

ರ‍್ಯಾಮ್ ಎಂಬುದು ಕೆಲಸ ಮಾಡುವ ಮೇಜಿನಂತೆ. ಸಂಗ್ರಹ ಸ್ಥಳವು ಕಪಾಟಿನಂತೆ. ಮೇಜು ಚಿಕ್ಕದಾದರೆ ಹೊಸ ಪುಸ್ತಕವನ್ನು ತೆರೆಯುವಾಗ ಹಳೆಯದನ್ನು ಮುಚ್ಚಿಡಲೇಬೇಕು. ನಮ್ಮ ವಿದ್ಯಾರ್ಥಿಯ ಯಂತ್ರದಲ್ಲಿ ಇದ್ದುದು 2 ಗಿಗಾಬೈಟ್ ರ‍್ಯಾಮ್. ಅದರ ದೊಡ್ಡ ಪಾಲು ವ್ಯವಸ್ಥೆಗೇ ಮುಡಿಪು. ಬ್ರೌಸರ್ ತೆರೆದೊಡನೆ ಸ್ಥಳ ಸಾಲದೆ ಆಂಡ್ರಾಯ್ಡ್ ಅವನ ಪ್ರೋಗ್ರಾಮನ್ನು ಹೊರದೂಡುತ್ತಿತ್ತು. ಆದುದರಿಂದ 4 ಗಿಗಾಬೈಟಿಗಿಂತ ಕಡಮೆಯದನ್ನು ಕೊಳ್ಳಕೂಡದು. 6 ಅಥವಾ 8 ಇದ್ದರೆ ನೆಮ್ಮದಿ. ಜಾಹೀರಾತುಗಳಲ್ಲಿ ‘4+4’ ಎಂದು ಬರೆದಿರುವುದುಂಟು. ಎರಡನೆಯ ನಾಲ್ಕು ನಿಜವಾದ ರ‍್ಯಾಮ್ ಅಲ್ಲ. ಕಪಾಟಿನ ಒಂದು ಅರೆಯನ್ನೇ ಮೇಜೆಂದು ಕರೆದಂತೆ. ರ‍್ಯಾಮಿನಿಂದ ಒಂದು ಅಂಶವನ್ನು ತರಲು ಸುಮಾರು 100 ನ್ಯಾನೊಸೆಕೆಂಡು ಸಾಕು. ಸಂಗ್ರಹದಿಂದ ತರಲು 100 ಮೈಕ್ರೊಸೆಕೆಂಡಿನ ಆಸುಪಾಸು ಬೇಕು. ಎರಡಕ್ಕೂ ಸಾವಿರ ಪಟ್ಟಿನಷ್ಟು ಅಂತರ!

ಇನ್ನು ಪ್ರೊಸೆಸರ್. ‘ಎಂಟು ಕೋರ್’ ಎಂಬ ಮಾತಿಗೆ ಮರುಳಾಗಬೇಕಾದುದಿಲ್ಲ. ಕೆಲಸದ ಅರ್ಧವನ್ನು ಮಾತ್ರ ಎಂಟು ಜನ ಹಂಚಿಕೊಳ್ಳಬಹುದಾಗಿದ್ದು, ಉಳಿದರ್ಧವನ್ನು ಒಬ್ಬನೇ ಮಾಡಬೇಕಾದರೆ, ಒಟ್ಟು ವೇಗ ಎಂಟು ಪಟ್ಟಾಗುವುದಿಲ್ಲ. ಲೆಕ್ಕ ಹಾಕಿದರೆ 1.8 ಪಟ್ಟು ಕೂಡ ಆಗುವುದಿಲ್ಲ. 1967ರಲ್ಲಿ ಜೀನ್ ಆ್ಯಮ್‌ಡಾಲ್ ಎಂಬವರು ಈ ತತ್ತ್ವವನ್ನು ಮಂಡಿಸಿದರು. ಹೊಸಬರು ಬರೆಯುವ ಪೈಥಾನ್ ಪ್ರೋಗ್ರಾಂಗಳು ಬಹುಮಟ್ಟಿಗೆ ಒಂದೇ ಕೋರಿನಲ್ಲಿ ಓಡತಕ್ಕವು. ಆದುದರಿಂದ ಕೋರುಗಳ ಸಂಖ್ಯೆಗಿಂತ ಒಂದೊಂದು ಕೋರಿನ ಶಕ್ತಿ ಮುಖ್ಯ. ಎಂಟೂ ಚಿಕ್ಕ ಕೋರುಗಳಿರುವ ಯಂತ್ರಕ್ಕಿಂತ, ಎರಡು ದೊಡ್ಡ ಕೋರುಗಳೂ ಆರು ಚಿಕ್ಕವೂ ಇರುವುದು ಈ ಕೆಲಸಕ್ಕೆ ಮೇಲು.

ಪರದೆಯ ವಿಷಯದಲ್ಲಿ ಭೌತಶಾಸ್ತ್ರ ನಮ್ಮ ನೆರವಿಗೆ ಬರುತ್ತದೆ. ಆರೋಗ್ಯವಂತ ಕಣ್ಣು ಒಂದು ಕೋನಮಿನಿಟಿನಷ್ಟು ಅಂತರವಿರುವ ಎರಡು ಬಿಂದುಗಳನ್ನು ಬೇರೆಬೇರೆಯಾಗಿ ಕಾಣಬಲ್ಲುದು. 40 ಸೆಂಟಿಮೀಟರು ದೂರದಲ್ಲಿ ಇದು 0.116 ಮಿಲಿಮೀಟರಿಗೆ ಸಮ. ಈಗ 10.1 ಅಂಗುಲದ ಎರಡು ಪರದೆಗಳನ್ನು ಹೋಲಿಸೋಣ. ಮೊದಲನೆಯದರಲ್ಲಿ 1280×800 ಬಿಂದುಗಳಿವೆ. ಪೈಥಾಗೊರಸನ ಪ್ರಮೇಯದಂತೆ ಕರ್ಣದ ಮೇಲೆ ಸುಮಾರು 1509 ಬಿಂದುಗಳಾದುವು, ಅಂಗುಲಕ್ಕೆ 149. ಎಂದರೆ ಎರಡು ಬಿಂದುಗಳ ನಡುವಣ ಅಂತರ 0.17 ಮಿಲಿಮೀಟರು. ಇದನ್ನು ಕಣ್ಣು ಗುರುತಿಸಬಲ್ಲುದಾದುದರಿಂದ ಅಕ್ಷರಗಳ ಅಂಚು ಒರಟಾಗಿ ತೋರುತ್ತದೆ. ಎರಡನೆಯದರಲ್ಲಿ 1920×1200 ಬಿಂದುಗಳಿವೆ, ಅಂತರ 0.113 ಮಿಲಿಮೀಟರು. ಇದು ಕಣ್ಣಿನ ಮಿತಿಯೊಳಗೇ ಇದೆ. ಒತ್ತಕ್ಷರಗಳಿರುವ ನಮ್ಮ ಕನ್ನಡವನ್ನು ಚಿಕ್ಕ ಗಾತ್ರದಲ್ಲಿ ಓದುವಾಗ ಈ ವ್ಯತ್ಯಾಸ ಎದ್ದು ಕಾಣುತ್ತದೆ. ಗಂಟೆಗಟ್ಟಲೆ ಓದಬೇಕಾದವರು ಎರಡನೆಯದನ್ನೇ ಆರಿಸುವುದು ಲೇಸು.

ಪರದೆಯ ಮೇಲೆ ಮೂಡುವ ಕೀಲಿಮಣೆಯು ಪರದೆಯ ಅರ್ಧದಷ್ಟನ್ನು ನುಂಗಿಬಿಡುತ್ತದೆ. ಆವರಣ ಚಿಹ್ನೆ, ಅರ್ಧವಿರಾಮ ಮೊದಲಾದುವುಗಳಿಗಾಗಿ ಪದೇ ಪದೇ ಮಣೆಯನ್ನು ಬದಲಾಯಿಸಬೇಕು. ಪ್ರೋಗ್ರಾಂ ಬರೆಯುವವರಿಗೆ ಇದಕ್ಕಿಂತ ದೊಡ್ಡ ಕಿರುಕುಳವಿಲ್ಲ. ಆದುದರಿಂದ ಹಣದ ಒಂದು ಪಾಲನ್ನು ಪ್ರತ್ಯೇಕ ಕೀಲಿಮಣೆಗಾಗಿ ಮೊದಲೇ ತೆಗೆದಿಡಬೇಕು. ಬ್ಲೂಟೂತ್ ಕೀಲಿಮಣೆಯಾದರೆ ತಂತಿ ಬೇಡ. ಯುಎಸ್‌ಬಿ ಕೀಲಿಮಣೆಯಾದರೆ ಟ್ಯಾಬ್ಲೆಟ್ಟಿನಲ್ಲಿ ಓಟಿಜಿ ಸೌಲಭ್ಯವಿದೆಯೇ ಎಂದು ವಿಚಾರಿಸತಕ್ಕದ್ದು. ಎಸ್ಕೇಪ್, ಕಂಟ್ರೋಲ್, ಟ್ಯಾಬ್ ಎಂಬ ಮೂರು ಕೀಲಿಗಳು ಅದರಲ್ಲಿ ಇರಲೇಬೇಕು.

ಬ್ಯಾಟರಿಯ ಮೇಲೆ ಮಿಲಿಆಂಪೇರ್-ಗಂಟೆಗಳನ್ನು ಬರೆದಿರುತ್ತಾರೆ. ಆದರೆ ಅದು ವಿದ್ಯುದಾವೇಶದ ಅಳತೆಯೇ ಹೊರತು ಶಕ್ತಿಯ ಅಳತೆಯಲ್ಲ. ಶಕ್ತಿ ತಿಳಿಯಬೇಕಾದರೆ ವೋಲ್ಟೇಜಿನಿಂದ ಗುಣಿಸಬೇಕು. 7000 ಮಿಲಿಆಂಪೇರ್-ಗಂಟೆಯನ್ನು 3.8 ವೋಲ್ಟಿನಿಂದ ಗುಣಿಸಿದರೆ 26.6 ವ್ಯಾಟ್-ಗಂಟೆ ಬರುತ್ತದೆ. ಯಂತ್ರವು 4 ವ್ಯಾಟ್ ಬಳಸಿದರೆ ಆರೂವರೆ ಗಂಟೆ ಓಡೀತು. ಬಸ್ಸಿನ ಪ್ರಯಾಣಿಕನಿಗೆ ಇಷ್ಟು ಧಾರಾಳ. 10,000 ಎಂದು ಬರೆದ ಪವರ್ ಬ್ಯಾಂಕಿನ ಲೆಕ್ಕವೂ ಹೀಗೆಯೇ. ಆ ಅಂಕಿ ಒಳಗಿನ ಕೋಶದ 3.7 ವೋಲ್ಟಿಗೆ ಸಂಬಂಧಿಸಿದುದು. 5 ವೋಲ್ಟಿನಲ್ಲಿ ಹೊರಬರುವಾಗ ಅದು ಹೆಚ್ಚೆಂದರೆ 7,400 ಆದೀತು. ಶಾಖರೂಪದ ನಷ್ಟವನ್ನು ಕಳೆದರೆ ಇನ್ನೂ ಕಡಮೆ. ಬಳಸಿದ ಟ್ಯಾಬ್ಲೆಟ್ಟನ್ನು ಕೊಳ್ಳುವವರು, ಲಿಥಿಯಂ ಬ್ಯಾಟರಿಯು ವರ್ಷಗಳು ಕಳೆದಂತೆ ತನ್ನ ಧಾರಣಶಕ್ತಿಯನ್ನು ಕಳೆದುಕೊಳ್ಳುವುದೆಂಬುದನ್ನು ನೆನಪಿನಲ್ಲಿಡಬೇಕು.

ಯಂತ್ರ ಎಷ್ಟೇ ಒಳ್ಳೆಯದಾಗಿರಲಿ, ತಕ್ಕ ತಂತ್ರಾಂಶವಿಲ್ಲದಿದ್ದರೆ ಅದು ಬರಿಯ ಗಾಜಿನ ಹಲಗೆ. ಆಂಡ್ರಾಯ್ಡಿನಲ್ಲಿ ಟರ್ಮಕ್ಸ್ ಎಂಬ ಉಚಿತ ತಂತ್ರಾಂಶವಿದೆ. ಇದು ಲಿನಕ್ಸಿನ ಆಜ್ಞಾಪರಿಸರವನ್ನು ಟ್ಯಾಬ್ಲೆಟ್ಟಿನೊಳಕ್ಕೆ ತರುತ್ತದೆ. ಪೈಥಾನ್, ಸಿ, ಗಿಟ್ ಮುಂತಾದುವನ್ನು ಅದರಲ್ಲಿ ಸ್ಥಾಪಿಸಬಹುದು. ಆಂಡ್ರಾಯ್ಡ್ 7 ಅಥವಾ ಅನಂತರದ ಆವೃತ್ತಿ ಬೇಕು. ಪೈಡ್ರಾಯ್ಡ್ ಎಂಬುದು ಹೊಸಬರಿಗೆ ಇನ್ನೂ ಸುಲಭ. ಐಪ್ಯಾಡಿನಲ್ಲಿಯೂ ಸ್ವಿಫ್ಟ್ ಪ್ಲೇಗ್ರೌಂಡ್ಸ್, ಪೈಥಾನಿಸ್ಟಾ ಮೊದಲಾದುವು ಇವೆಯಾದರೂ, ಅಲ್ಲಿ ಕಟ್ಟುಪಾಡುಗಳು ಹೆಚ್ಚು. ಲಿನಕ್ಸ್ ಸೌಲಭ್ಯವುಳ್ಳ ಕ್ರೋಮ್‌ಬುಕ್ ಮಾದರಿಯ ಟ್ಯಾಬ್ಲೆಟ್ಟು ದೊರೆತರೆ ಅದೂ ಯೋಗ್ಯವೇ. ಮನೆಯಲ್ಲಿ ಬೇರೊಂದು ಗಣಕಯಂತ್ರವಿದ್ದರೆ ಟ್ಯಾಬ್ಲೆಟ್ಟನ್ನು ಅದರ ಕಿಟಕಿಯಂತೆ ಬಳಸಬಹುದು. ಆದರೆ ಅದಕ್ಕೆ ಎಡೆಬಿಡದ ಅಂತರಜಾಲ ಸಂಪರ್ಕ ಬೇಕು. ಘಟ್ಟದ ಬಸ್ಸಿನಲ್ಲಿ ಅದು ಸಿಕ್ಕೀತೆಂಬ ಭರವಸೆಯಿಲ್ಲ. ಒಂದು ಮಿತಿಯನ್ನೂ ಹೇಳಿಬಿಡಬೇಕು: ಆಂಡ್ರಾಯ್ಡ್ ಸ್ಟುಡಿಯೊದಂತಹ ಭಾರಿ ಸಾಧನಗಳ ಮೇಲೆ ಕಣ್ಣಿಟ್ಟವರಿಗೆ ಅಗ್ಗದ ಟ್ಯಾಬ್ಲೆಟ್ಟು ತಕ್ಕುದಲ್ಲ. ಅವರು ಅದೇ ಹಣಕ್ಕೆ ಬಳಸಿದ ಲ್ಯಾಪ್‌ಟಾಪನ್ನು ಹುಡುಕುವುದು ಜಾಣತನ.

ಕೊಳ್ಳುವ ಮುನ್ನ ಖರ್ಚಿಲ್ಲದ ಒಂದು ಪರೀಕ್ಷೆಯನ್ನು ಮಾಡಿನೋಡಬಹುದು. ಮನೆಯಲ್ಲಿರುವ ಮೊಬೈಲ್ ಫೋನಿನಲ್ಲಿ ಟರ್ಮಕ್ಸನ್ನು ಹಾಕಿಕೊಂಡು, ಸ್ನೇಹಿತರಿಂದ ಕೀಲಿಮಣೆಯೊಂದನ್ನು ಎರವಲು ತಂದು, ವಾರಕಾಲ ಅದರಲ್ಲಿಯೇ ಅಭ್ಯಾಸ ಮಾಡಿರಿ. ಆಸಕ್ತಿ ಉಳಿದರೆ ಆಗ ಅಂಗಡಿಗೆ ಹೋದರಾಯಿತು.

ನಮ್ಮ ವಿದ್ಯಾರ್ಥಿಯ ಕಥೆ ಅಲ್ಲಿಗೇ ಮುಗಿಯಲಿಲ್ಲ. ಎರಡನೆಯ ಯಂತ್ರ ಕೊಳ್ಳುವ ಅನುಕೂಲ ಅವನಿಗಿರಲಿಲ್ಲ. ನಾವಿಬ್ಬರೂ ಕುಳಿತು ಮೇಲ್ಕಂಡ ಲೆಕ್ಕವನ್ನೇ ಹಾಕಿದೆವು. ಮೇಜು ಚಿಕ್ಕದಾದರೆ ಅದರ ಮೇಲಿನ ಹೊರೆಯನ್ನು ಇಳಿಸಬೇಕಷ್ಟೆ! ಬೇಡದ ಆ್ಯಪ್‌ಗಳನ್ನು ತೆಗೆದುಹಾಕಿ, ಬ್ರೌಸರನ್ನು ಬದಿಗಿರಿಸಿ, ಟರ್ಮಕ್ಸಿನೊಳಗೆ ಪೈಥಾನನ್ನೂ ನ್ಯಾನೊ ಎಂಬ ಹಗುರವಾದ ಬರವಣಿಗೆ ಸಾಧನವನ್ನೂ ಮಾತ್ರ ಇರಿಸಿದೆವು. ಸಂದೇಹ ಬಂದಾಗ ಓದಲು ಪೈಥಾನಿನಲ್ಲಿಯೇ ಅಡಕವಾಗಿರುವ ‘ಹೆಲ್ಪ್’ ಆಜ್ಞೆಯಿದೆ. ಅದಕ್ಕೆ ಅಂತರಜಾಲವೂ ಬೇಡ. ಹಳೆಯದೊಂದು ಕೀಲಿಮಣೆ ಸಿಕ್ಕಿತು. ಮೊನ್ನೆ ಅವನು ಬಸ್ಸಿನಲ್ಲಿ ಬರೆದ ಪ್ರೋಗ್ರಾಮೊಂದನ್ನು ತಂದು ತೋರಿಸಿದನು: ಸರಳ ಲೋಲಕದ ಆಂದೋಲನಾವಧಿಯನ್ನು, ವೈಶಾಲ್ಯ ಹೆಚ್ಚಿದಾಗ ಆಗುವ ಬದಲಾವಣೆಯ ಸಮೇತ, ಲೆಕ್ಕ ಹಾಕುವ ಅರವತ್ತು ಸಾಲುಗಳು. ಮೂಲೆ ಸೇರಿದ್ದ ಯಂತ್ರ ಅದೇ. ಹೊಸದಾಗಿ ಬಂದುದು ಅದರ ಇತಿಮಿತಿಗಳ ಅರಿವು. ಆ ಅರಿವು ಕೊಳ್ಳುವುದಕ್ಕೆ ಮುಂಚೆಯೇ ಇದ್ದರೆ ಹಣವೂ ಉಳಿದೀತು, ಮನಸ್ಸಿನ ಉತ್ಸಾಹವೂ ಉಳಿದೀತು.