ಎರಡು ವರ್ಷ ಕಾಯಿಸುವ ಮೊಟ್ಟೆ

ಮುಚ್ಚಳವಿರುವ ಒಂದು ಪ್ಲಾಸ್ಟಿಕ್ ಡಬ್ಬಿ. ಒಳಗೆ ತೇವ ಹಿಡಿದಿಟ್ಟುಕೊಳ್ಳುವ ವರ್ಮಿಕ್ಯುಲೈಟ್ ಪುಡಿ, ಅದರಲ್ಲಿ ಅರ್ಧ ಹುದುಗಿದ ಮೂವತ್ತು ನಲವತ್ತು ಬಿಳಿ ಮೊಟ್ಟೆಗಳು. ಡಬ್ಬಿಯ ಮೇಲೆ ಪೆನ್ನಿನಲ್ಲಿ ಬರೆದ ಒಂದು ತಾರೀಖು. ಪಾರ್ಸನ್ ಗೋಸುಂಬೆಯನ್ನು ಸಾಕಿ ಮರಿ ಮಾಡಿಸುವವರು ಇಂಥ ಡಬ್ಬಿಯನ್ನು ಮನೆಯ ಒಂದು ಮೂಲೆಯಲ್ಲಿ ಜೋಪಾನವಾಗಿ ಇಟ್ಟಿರುತ್ತಾರೆ. ಕೋಳಿಮೊಟ್ಟೆ 21 ದಿನಕ್ಕೆ ಒಡೆಯುತ್ತದೆ. ಈ ಮೊಟ್ಟೆ ಒಡೆಯಬೇಕಾದರೆ ಒಂದು ವರ್ಷವಂತೂ ದಾಟಲೇಬೇಕು, ಎಷ್ಟೋ ಸಲ ಎರಡು ವರ್ಷವೇ ಹತ್ತಿರವಾಗುತ್ತದೆ. ಅಷ್ಟು ದಿನವೂ ಅದಕ್ಕೆ ಬೇಕಾದ ತೇವ ಮತ್ತು ಉಷ್ಣತೆಯ ಹದ ತಪ್ಪುವಂತಿಲ್ಲ.

ಈ ಗೋಸುಂಬೆಯ ತವರು ಮಡಗಾಸ್ಕರ್ ದ್ವೀಪದ ಪೂರ್ವದ ಮಳೆಕಾಡು. ಅದೇ ದ್ವೀಪದ ಇನ್ನೊಂದು ಮಗ್ಗುಲಿಗೆ, ನೈಋತ್ಯದ ಒಣ ಕಾಡಿಗೆ ಹೋದರೆ ಲಾಬೋರ್ಡ್ ಎಂಬ ಸಣ್ಣ ಗೋಸುಂಬೆ ಸಿಗುತ್ತದೆ. ಅದು ಎಂಟೊಂಬತ್ತು ತಿಂಗಳನ್ನು ಮೊಟ್ಟೆಯೊಳಗೇ ಕಳೆದು, ಮಳೆ ಶುರುವಾದಾಗ ಹೊರಬಂದು, ಬೆಳೆದು, ಜೊತೆಗೂಡಿ, ಮೊಟ್ಟೆಯಿಟ್ಟು, ನಾಲ್ಕೈದು ತಿಂಗಳಲ್ಲಿ ಸತ್ತೇಹೋಗುತ್ತದೆ. ಲಾಬೋರ್ಡ್‌ಗಳ ಎರಡು ತಲೆಮಾರು ಮುಗಿಯುವ ಹೊತ್ತಿಗೆ ಪಾರ್ಸನ್ ಇನ್ನೂ ಮೊಟ್ಟೆಯೊಳಗೇ ಇರಬಹುದು.

ಮೊಟ್ಟೆಯೊಡೆದ ಮೇಲೂ ಅದಕ್ಕೆ ಅವಸರವಿಲ್ಲ. ಪ್ರಾಯಕ್ಕೆ ಬರಲು ಮೂರರಿಂದ ಐದು ವರ್ಷ ಬೇಕು. ಹೆಣ್ಣು ಮೊಟ್ಟೆಯಿಡುವುದು ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ. ಆಯಸ್ಸು ಹತ್ತು ವರ್ಷ ಮೀರುತ್ತದೆ. ಇದನ್ನು ಸಾಕುವುದೆಂದರೆ ಆ ನಿಧಾನಕ್ಕೆ ಮನೆಯೊಳಗೆ ಜಾಗ ಮಾಡಿಕೊಡುವ ಕೆಲಸ.

ಜಗತ್ತಿನಲ್ಲಿ 200ಕ್ಕೂ ಹೆಚ್ಚು ಜಾತಿಯ ಗೋಸುಂಬೆಗಳಿವೆ, ಅವುಗಳಲ್ಲಿ ಸುಮಾರು ಅರ್ಧದಷ್ಟು ಮಡಗಾಸ್ಕರ್‌ನವು. 2021ರಲ್ಲಿ ಹೆಸರು ಪಡೆದ ಬ್ರೂಕೇಸಿಯಾ ನಾನಾ ಎಂಬುದು ಬೆರಳ ತುದಿಯ ಮೇಲೆ ಕೂರುವಷ್ಟು ಚಿಕ್ಕದು. ಪಾರ್ಸನ್ ಅದರ ಎದುರು ತುದಿ. ಗಂಡು ಮೂತಿಯಿಂದ ಬಾಲದವರೆಗೆ ಎರಡಡಿ ಮೀರಿ ಬೆಳೆಯುತ್ತದೆ, ತೂಕ ಅರ್ಧ ಕಿಲೋ ದಾಟುತ್ತದೆ. ಅಗಲವಾದ ತಲೆಯ ಹಿಂದೆ ಶಿರಸ್ತ್ರಾಣದಂಥ ಮೂಳೆಯ ಏರು, ಮೂತಿಯ ಮೇಲೆ ಎರಡು ಮೊಂಡು ಕೊಂಬುಗಳು, ಮೈಗೆ ವೈಡೂರ್ಯದ ನೀಲಿ ಬೆರೆತ ಹಸಿರು. ಕೆಲವಕ್ಕೆ ಹಳದಿ ತುಟಿ, ಕೆಲವಕ್ಕೆ ಕಿತ್ತಳೆ ಬಣ್ಣದ ಕಣ್ಣುಗುಡ್ಡೆ. ಹೆಣ್ಣಿಗೆ ಕೊಂಬಿಲ್ಲ, ಗಾತ್ರವೂ ಕಡಿಮೆ. 18ನೇ ಶತಮಾನದ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಸನ್ಸ್ ಇದನ್ನು ಒಂದು ವಿಚಿತ್ರ ಗೋಸುಂಬೆಯೆಂದು ವರ್ಣಿಸಿ ಬರೆದಿದ್ದ. ಮುಂದೆ 1824ರಲ್ಲಿ ಫ್ರೆಂಚ್ ವಿಜ್ಞಾನಿ ಜಾರ್ಜ್ ಕುವಿಯೆ ಈ ಜಾತಿಗೆ ಅವನ ಹೆಸರನ್ನೇ ಇಟ್ಟ.

ಸಾಕುಪ್ರಾಣಿಯಾಗಿ ಇದರ ಚರಿತ್ರೆ ಶುರುವಾದದ್ದು ಸಾವುಗಳಿಂದ. 1980 ಮತ್ತು 90ರ ದಶಕಗಳಲ್ಲಿ ಕಾಡಿನಿಂದ ಹಿಡಿದ ಗೋಸುಂಬೆಗಳು ಚೀಲ ಪೆಟ್ಟಿಗೆಗಳಲ್ಲಿ ದಿನಗಟ್ಟಲೆ ಪಯಣಿಸಿ ಯುರೋಪ್, ಅಮೆರಿಕದ ಅಂಗಡಿಗಳನ್ನು ಸೇರುತ್ತಿದ್ದವು. ಬಂದಾಗಲೇ ನೀರಿಲ್ಲದೆ ಒಣಗಿರುತ್ತಿದ್ದವು, ಹೊಟ್ಟೆಯಲ್ಲಿ ಪರಾವಲಂಬಿ ಹುಳುಗಳು, ಮೈಯಲ್ಲಿ ಗಾಯ. ಕೊಂಡವರು ಉಳಿದ ಹಲ್ಲಿಗಳಿಗೆ ಮಾಡುವಂತೆ ಇದಕ್ಕೂ ಬಿಸಿ ದೀಪ ಹಾಕಿ ಗಾಜಿನ ಪೆಟ್ಟಿಗೆಯಲ್ಲಿ ಕೂಡಿಹಾಕಿದರು. 1995ರಲ್ಲಿ, ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ಹತೋಟಿಯಲ್ಲಿಡುವ ಸೈಟಿಸ್ ಒಪ್ಪಂದದಡಿ, ಮಡಗಾಸ್ಕರ್‌ನ ಹೆಚ್ಚಿನ ಗೋಸುಂಬೆಗಳ ವ್ಯಾಪಾರಕ್ಕೆ ತಡೆ ಬಿತ್ತು. ಪಾರ್ಸನ್ ಕೂಡ ಆ ಪಟ್ಟಿಯಲ್ಲಿತ್ತು. ಆಗಲೇ ಹೊರದೇಶಗಳಲ್ಲಿದ್ದ ಗೋಸುಂಬೆಗಳನ್ನು ಬದುಕಿಸಿಕೊಂಡು ಮರಿ ಮಾಡಿಸಲು ಹೊರಟ ಕೆಲವರು ಹಳೆಯ ತಪ್ಪುಗಳನ್ನು ಒಂದೊಂದಾಗಿ ತಿದ್ದಿಕೊಂಡರು. ಇಂದು ಜವಾಬ್ದಾರಿಯಿಂದ ಸಾಕುವವರು ಹುಡುಕುವುದು ಹೀಗೆ ಮನೆಯಲ್ಲೇ ಹುಟ್ಟಿದ ಮರಿಯನ್ನು. ಅದರ ಬೆಲೆ ಸಾವಿರ ಡಾಲರಿಗೂ ಮೇಲಿರುತ್ತದೆ. ಎರಡು ವರ್ಷ ಮೊಟ್ಟೆ ಕಾದವರ ಶ್ರಮವೂ ಆ ಬೆಲೆಯಲ್ಲಿ ಸೇರಿದೆ.

ಮೊದಲ ಪಾಠ ಜಾಗದ್ದು. ಪೂರ್ತಿ ಬೆಳೆದ ಪಾರ್ಸನ್‌ಗೆ ಆಳೆತ್ತರದ ಗೂಡು ಬೇಕು, ಅಗಲ ನಾಲ್ಕಡಿಯಾದರೂ ಇರಬೇಕು. ಸುತ್ತ ಗಾಜಿನ ಬದಲು ಜಾಲರಿ ಇದ್ದರೆ ಗಾಳಿ ಆಡುತ್ತದೆ. ಎಷ್ಟೋ ಜನ ಗೂಡಿನ ಗೋಜೇ ಬೇಡವೆಂದು ಒಂದು ಕೋಣೆಯ ಮೂಲೆಯನ್ನು ಕುಂಡದ ಗಿಡಗಳಿಂದ ತುಂಬಿ ಅಲ್ಲಿಯೇ ಬಿಟ್ಟುಬಿಡುತ್ತಾರೆ. ಫೈಕಸ್, ದಾಸವಾಳ, ಮನಿಪ್ಲಾಂಟ್ ಇದ್ದರೆ ಸಾಕು, ಗೋಸುಂಬೆ ಆ ಹಸಿರು ಬಿಟ್ಟು ಹೆಚ್ಚು ದೂರ ಹೋಗುವುದಿಲ್ಲ. ಅದರ ಐದು ಬೆರಳುಗಳು ಎರಡು ಮತ್ತು ಮೂರರ ಕಂತೆಯಾಗಿ ಕೂಡಿಕೊಂಡು ಇಕ್ಕಳದಂತೆ ಹಿಡಿಯುತ್ತವೆ. ಅರ್ಧ ಕಿಲೋ ಮೈಯನ್ನು ಹೊತ್ತು ಅಡ್ಡಾಡಲು ಅಷ್ಟೇ ಗಟ್ಟಿಯಾದ ಕೊಂಬೆಗಳು ಅಡ್ಡಡ್ಡ ಇರಬೇಕು.

ಒಂದು ಗೂಡಿಗೆ ಒಂದೇ ಗೋಸುಂಬೆ. ಇನ್ನೊಂದು ಪಾರ್ಸನ್ ಕಣ್ಣಿಗೆ ಬೀಳುತ್ತಿದ್ದರೂ ಸಾಕು, ಮನಸ್ಸು ಕೆಡಿಸಿಕೊಂಡು ಊಟ ಬಿಡುತ್ತದೆ.

ಎರಡನೆಯದು ತಂಪು. ಸರೀಸೃಪ ಎಂದೊಡನೆ ಮರುಭೂಮಿಯ ಕಾವನ್ನು ನೆನೆಸಿಕೊಳ್ಳುವವರು ಪಾರ್ಸನ್ ವಿಷಯದಲ್ಲಿ ಎಡವುವುದು ಇಲ್ಲೇ. ಅದರ ಕಾಡು ನೆರಳಿನದು, ಮಂಜಿನದು. ಹಗಲು 22ರಿಂದ 26 ಡಿಗ್ರಿ ಸೆಲ್ಸಿಯಸ್ ಇದ್ದರೆ ಅದು ಸುಖವಾಗಿರುತ್ತದೆ. ಬೆಳಗ್ಗೆ ಮೈ ಕಾಯಿಸಿಕೊಳ್ಳುವ ಕೊಂಬೆಯ ಬಳಿ 29ರ ಸುಮಾರಿಗೆ ಬಂದರೆ ಸಾಕು. ರಾತ್ರಿ 18ಕ್ಕಿಂತ ಕೆಳಗೆ ಇಳಿಯಬೇಕು. ಕೋಣೆಯ ಬಿಸಿ 30 ದಾಟಿ ಅಲ್ಲೇ ನಿಂತರೆ ಗೋಸುಂಬೆ ಮೈಬಣ್ಣ ತಿಳಿಯಾಗಿಸಿಕೊಂಡು ಬಾಯಿ ತೆರೆದು ಕೂರುತ್ತದೆ. ನೋಡುವವರಿಗೆ ನಗುತ್ತಿರುವಂತೆ ಕಂಡರೂ ಅದು ಆಪತ್ತಿನ ಸೂಚನೆ. ಹೀಗಾಗಿ ಬೇಸಿಗೆಯಲ್ಲಿ ಇದಕ್ಕಾಗಿಯೇ ಏಸಿ ಹಾಕಿಸುವವರಿದ್ದಾರೆ.

ಮೂರನೆಯದು ನೀರು. ಬಟ್ಟಲಲ್ಲಿ ನಿಂತ ನೀರನ್ನು ಗೋಸುಂಬೆ ನೀರೆಂದೇ ಗುರುತಿಸುವುದು ಅಪರೂಪ. ಕಾಡಿನಲ್ಲಿ ಅದು ಕುಡಿಯುವುದು ಎಲೆಯ ಮೇಲಿನ ಹನಿಯನ್ನು. ಮನೆಯಲ್ಲಿ ತುಂತುರು ಶುರುವಾದಾಗ ಮೊದಲ ಕೆಲವು ನಿಮಿಷ ಏನೂ ನಡೆಯುವುದಿಲ್ಲ. ಕಣ್ಣುಗುಡ್ಡೆಯನ್ನು ಅತ್ತಿತ್ತ ಹೊರಳಿಸಿ ಮುಖ ತೊಳೆದುಕೊಂಡಂತೆ ಮಾಡುತ್ತದೆ. ಆಮೇಲೆ ಮೂತಿಯಿಂದ ಇಳಿದ ಹನಿಯೊಂದು ತುಟಿಯ ಸಂದಿಗೆ ಸೇರುತ್ತದೆ. ದವಡೆ ಮೆಲ್ಲಗೆ ಅಲುಗುತ್ತದೆ, ತಲೆ ಮೇಲೇಳುತ್ತದೆ, ಗಂಟಲು ಒಂದು ಸಲ ಕುಣಿಯುತ್ತದೆ. ಹೀಗೆ ಹನಿ ಹನಿಯಾಗಿ ಅರ್ಧ ಗಂಟೆ ಕುಡಿಯುವುದೂ ಉಂಟು. ಎರಡು ನಿಮಿಷ ನೀರು ಚಿಮುಕಿಸಿ ಕೆಲಸಕ್ಕೆ ಓಡುವ ಒಡೆಯನ ಗೋಸುಂಬೆ ತಿಂಗಳುಗಟ್ಟಲೆ ಬಾಯಾರಿಕೊಂಡೇ ಇರುತ್ತದೆ. ಇದರಿಂದ ಮೂತ್ರಪಿಂಡ ಕೆಡುತ್ತದೆ, ಕೆಟ್ಟದ್ದು ತಿಳಿಯುವ ಹೊತ್ತಿಗೆ ತಡವಾಗಿರುತ್ತದೆ. ಆದ್ದರಿಂದ ಅನುಭವಿಗಳು ದಿನಾ ಹಿಕ್ಕೆಯನ್ನು ಗಮನಿಸುತ್ತಾರೆ. ಹಿಕ್ಕೆಯ ಜೊತೆ ಬೀಳುವ ಯುರೇಟ್ ಎಂಬ ಗಟ್ಟಿ ಭಾಗ ಬೆಳ್ಳಗಿದ್ದರೆ ನೀರು ಸಾಕಾಗಿದೆ, ಕಿತ್ತಳೆ ಬಣ್ಣಕ್ಕೆ ತಿರುಗಿದರೆ ಸಾಲದಾಗಿದೆ. ಕಣ್ಣುಗುಡ್ಡೆ ಗುಳಿಬಿದ್ದರೂ ಅದೇ ಅರ್ಥ.

ನೀರಿನಷ್ಟೇ ಮುಖ್ಯ ಬೆಳಕು. ಬಿಸಿಲಿನಲ್ಲಿರುವ ಯುವಿಬಿ ಕಿರಣ ಚರ್ಮಕ್ಕೆ ತಾಗಿದಾಗ ಡಿ3 ಜೀವಸತ್ವ ತಯಾರಾಗುತ್ತದೆ, ಅದಿದ್ದರಷ್ಟೇ ತಿಂದ ಸುಣ್ಣದ ಅಂಶ ಮೈಗೆ ಹಿಡಿಯುತ್ತದೆ. ಕಿಟಕಿಯ ಗಾಜು ಯುವಿಬಿಯನ್ನು ತಡೆಯುವುದರಿಂದ ಗಾಜಿನ ಹಿಂದೆ ಬಿಸಿಲಿಗೆ ಇಟ್ಟರೆ ಉಪಯೋಗವಿಲ್ಲ. ಬೇರೆಯೇ ಯುವಿಬಿ ಟ್ಯೂಬ್‌ಲೈಟ್ ಬೇಕು, ಅದನ್ನು ಆರು ತಿಂಗಳಿಗೋ ವರ್ಷಕ್ಕೋ ಬದಲಿಸಲೂ ಬೇಕು. ದೀಪ ಉರಿಯುತ್ತಿದ್ದರೂ ಅದರ ಯುವಿಬಿ ಬಲ ಕುಂದಿರುತ್ತದೆ, ಬರಿಗಣ್ಣಿಗೆ ಅದು ತಿಳಿಯದು. ಇಲ್ಲಿ ತಪ್ಪಿದರೆ ಮೂಳೆ ಮೆತ್ತಗಾಗುತ್ತದೆ, ಕಾಲು ಬಾಗುತ್ತದೆ, ದವಡೆ ಸೊಟ್ಟಗಾಗುತ್ತದೆ.

ಊಟದ ಹೊತ್ತಿನಲ್ಲಿ ಮಾತ್ರ ಈ ನಿಧಾನಜೀವಿ ಬೇರೆಯೇ ಆಗುತ್ತದೆ. ಮಿಡತೆಯೊಂದನ್ನು ಎದುರಿನ ಕೊಂಬೆಗೆ ಬಿಟ್ಟರೆ ಮೊದಲು ಒಂದು ಕಣ್ಣು ಅತ್ತ ತಿರುಗುತ್ತದೆ, ಇನ್ನೊಂದು ಕಣ್ಣು ಇನ್ನೂ ಬಾಗಿಲ ಕಡೆಗೇ ಇರುತ್ತದೆ. ಆಮೇಲೆ ದೂರ ಅಳೆಯಲು ಎರಡೂ ಕಣ್ಣು ಒಂದೇ ಗುರಿಯ ಮೇಲೆ ಕೂಡುತ್ತವೆ. ಬಾಯಿ ತುಸು ಬಿಚ್ಚಿ ನಾಲಿಗೆಯ ದಪ್ಪ ತುದಿ ಇಣುಕುತ್ತದೆ. ಟಪ್ ಎಂಬ ಸದ್ದು. ನೋಡುವವರು ಕಣ್ಣು ಮಿಟುಕಿಸುವಷ್ಟರಲ್ಲಿ ಮೈಯುದ್ದಕ್ಕಿಂತ ಉದ್ದದ ನಾಲಿಗೆ ಹೋಗಿ ಬಂದು, ಮಿಡತೆ ದವಡೆಯಲ್ಲಿ ಕರಕರ ಎನ್ನುತ್ತಿರುತ್ತದೆ. ಆ ನಾಲಿಗೆಯ ತುದಿಯ ಲೋಳೆ ಮನುಷ್ಯರ ಎಂಜಲಿಗಿಂತ ಸುಮಾರು 400 ಪಟ್ಟು ಹೆಚ್ಚು ಮಂದವೆಂದು 2016ರಲ್ಲಿ ವಿಜ್ಞಾನಿಗಳು ಅಳೆದು ತಿಳಿಸಿದರು. ದೊಡ್ಡ ಬೇಟೆಯನ್ನೂ ಹಿಡಿದೆಳೆಯಲು ಈ ಅಂಟು ಸಾಕು.

ಮಿಡತೆಯ ಜೊತೆಗೆ ಚಿಮ್ಮಂಡೆ, ಸಾಕಿದ ಜಿರಳೆ, ರೇಷ್ಮೆಹುಳು ಇವೆಲ್ಲ ಅದರ ಆಹಾರ. ಹಿಪ್ಪುನೇರಳೆ ಸೊಪ್ಪು ತಿನ್ನಿಸಿ ಕರ್ನಾಟಕದ ರೈತರು ಗೂಡು ಕಟ್ಟಿಸುವ ಅದೇ ಹುಳುವನ್ನು ಪಶ್ಚಿಮದ ಗೋಸುಂಬೆ ಪ್ರಿಯರು ತಂದು ಕೊಡುತ್ತಾರೆ. ಅದು ಮೆತ್ತಗಿರುತ್ತದೆ, ನೀರಿನಂಶ ಹೆಚ್ಚಿರುತ್ತದೆ, ಬೇಗ ಅರಗುತ್ತದೆ. ಹುಳುಗಳಿಗೆ ಒಂದೆರಡು ದಿನ ಮೊದಲೇ ಸೊಪ್ಪು, ಕ್ಯಾರೆಟ್ ತಿನ್ನಿಸಿ, ಕೊಡುವ ಮುಂಚೆ ಕ್ಯಾಲ್ಸಿಯಂ ಪುಡಿ ಉದುರಿಸುವುದು ರೂಢಿ. ಬೆಳೆದ ಪಾರ್ಸನ್‌ಗೆ ಎರಡು ಮೂರು ದಿನಕ್ಕೊಮ್ಮೆ ನಾಲ್ಕಾರು ಹುಳು ಸಾಕು. ಪ್ರೀತಿ ಹೆಚ್ಚಾಗಿ ದಿನಾ ತಿನ್ನಿಸಿದರೆ ಬೊಜ್ಜು ಬಂದು ಆಯಸ್ಸು ಇಳಿಯುತ್ತದೆ.

ಬಣ್ಣದ ಮಾತಿಗೆ ಬಂದರೆ, ಕನ್ನಡದಲ್ಲಿ ಗಳಿಗೆಗೊಂದು ಮಾತಾಡುವವರನ್ನು ಗೋಸುಂಬೆ, ಊಸರವಳ್ಳಿ ಎಂದು ಬೈಯುತ್ತಾರೆ. ನಿಜದಲ್ಲಿ ಈ ಪ್ರಾಣಿ ತನ್ನ ಸ್ಥಿತಿಯನ್ನು ಮುಚ್ಚಿಡದೆ ಮೈಮೇಲೆ ಬರೆದುಕೊಳ್ಳುತ್ತದೆ. ಚರ್ಮದ ಕೋಶಗಳಲ್ಲಿ ಗ್ವಾನೀನ್ ಎಂಬ ವಸ್ತುವಿನ ಅತಿಸೂಕ್ಷ್ಮ ಹರಳುಗಳು ಸಾಲಾಗಿರುತ್ತವೆ. ಅವುಗಳ ನಡುವಿನ ಅಂತರ ಹೆಚ್ಚು ಕಡಿಮೆಯಾದಂತೆ ಹೊಮ್ಮುವ ಬೆಳಕಿನ ಬಣ್ಣವೂ ಬದಲಾಗುತ್ತದೆ. ಪ್ಯಾಂಥರ್ ಗೋಸುಂಬೆಯ ಮೇಲೆ ಕೆಲಸ ಮಾಡಿದ ಜಿನೀವಾ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಇದನ್ನು ತೋರಿಸಿಕೊಟ್ಟರು. ಸಾಕುವವರಿಗೆ ಈ ಬಣ್ಣವೇ ಭಾಷೆ. ಮೈ ಕಪ್ಪಿಟ್ಟರೆ ಚಳಿಯೋ ಕಿರಿಕಿರಿಯೋ ಇರಬೇಕು. ಹಗಲಲ್ಲಿ ಕಣ್ಣು ಮುಚ್ಚಿ ಕೂತರೆ, ಕೊಂಬೆ ಬಿಟ್ಟು ನೆಲಕ್ಕಿಳಿದು ಸುಮ್ಮನೆ ಬಿದ್ದಿದ್ದರೆ, ಉಸಿರಲ್ಲಿ ಗೊರಗೊರ ಸದ್ದು ಬಂದರೆ ಸರೀಸೃಪಗಳ ಕಾಯಿಲೆ ಬಲ್ಲ ಪಶುವೈದ್ಯರ ಹತ್ತಿರ ಅಂದೇ ಒಯ್ಯಬೇಕು. ಕಾಡಿನಲ್ಲಿ ಬಲಹೀನತೆ ತೋರಿದರೆ ಬೇಟೆಗೆ ಸಿಕ್ಕಂತೆ, ಹಾಗಾಗಿ ಗೋಸುಂಬೆ ಕಾಯಿಲೆಯನ್ನು ಮಾತ್ರ ಕೊನೆಯವರೆಗೂ ಮುಚ್ಚಿಡುತ್ತದೆ.

ಆದರೆ ಊಟ ಬಿಟ್ಟದ್ದೆಲ್ಲ ಕಾಯಿಲೆಯಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಮಡಗಾಸ್ಕರ್‌ನಲ್ಲಿ ಚಳಿಗಾಲ. ಆಗ ಪಾರ್ಸನ್ ಒಂದೇ ಕೊಂಬೆಗೆ ಅಂಟಿಕೊಂಡು ಅಲುಗಾಡದೆ ದಿನ ಕಳೆಯುತ್ತದೆ, ವಾರಗಟ್ಟಲೆ ಏನೂ ತಿನ್ನುವುದಿಲ್ಲ. ಮನೆಯಲ್ಲೂ ಅದು ಹೀಗೆ ಮಾಡಿದಾಗ ಹೊಸದಾಗಿ ಸಾಕಿದವರು ಗಾಬರಿಯಾಗಿ ಬಿಸಿ ಏರಿಸುತ್ತಾರೆ, ಬಾಯಿಗೆ ತುರುಕಲು ನೋಡುತ್ತಾರೆ. ಬಲ್ಲವರು ತೂಕ ನೋಡಿಕೊಂಡು, ತುಂತುರು ನಿಲ್ಲಿಸದೆ, ಸುಮ್ಮನಿದ್ದು ನೋಡಿಕೊಳ್ಳುತ್ತಾರೆ. ಈ ತಂಪಿನ ಬಿಡುವು ಸಿಕ್ಕ ಮೇಲೆಯೇ ಗಂಡು ಹೆಣ್ಣು ಕೂಡಲು ಮನಸ್ಸು ಮಾಡುವುದು ಹೆಚ್ಚು.

ಭಾರತದಲ್ಲಿ ಇಂಥದ್ದನ್ನು ತರಿಸಿಕೊಳ್ಳಬೇಕೆನ್ನುವವರು ಕಾನೂನು ತಿಳಿದಿರಬೇಕು. 2022ರಲ್ಲಿ ತಿದ್ದುಪಡಿಯಾದ ವನ್ಯಜೀವಿ ಸಂರಕ್ಷಣಾ ಕಾಯ್ದೆ ಸೈಟಿಸ್ ಪಟ್ಟಿಯ ಹೊರದೇಶದ ಪ್ರಾಣಿಗಳನ್ನೂ ಒಳಗೊಂಡಿದೆ. ಅಂಥ ಪ್ರಾಣಿ ಮನೆಯಲ್ಲಿದ್ದರೆ ನೋಂದಣಿ ಕಡ್ಡಾಯ. ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಸೂಟ್‌ಕೇಸುಗಳೊಳಗೆ ತುರುಕಿ ತಂದ ವಿದೇಶಿ ಸರೀಸೃಪಗಳನ್ನು ಕಸ್ಟಮ್ಸ್‌ನವರು ಹಲವು ಬಾರಿ ಹಿಡಿದಿದ್ದಾರೆ. ನಮ್ಮ ಬೇಲಿಸಾಲು, ಕುರುಚಲು ಕಾಡುಗಳ ಭಾರತೀಯ ಗೋಸುಂಬೆಯನ್ನಂತೂ ಹಿಡಿಯುವುದೂ ಸಾಕುವುದೂ ಅಪರಾಧ. ರಸ್ತೆ ದಾಟುವಾಗ ತೂಗಾಡುತ್ತಾ ನಿಂತ ಅದನ್ನು ಕಂಡರೆ ಗಾಡಿ ನಿಲ್ಲಿಸಿ, ಕಡ್ಡಿಯೊಂದಕ್ಕೆ ಹತ್ತಿಸಿಕೊಂಡು ಅದು ಹೊರಟಿದ್ದ ಕಡೆಯ ಗಿಡಕ್ಕೆ ಬಿಟ್ಟರೆ ಸಾಕು.

ಮಡಗಾಸ್ಕರ್‌ನಲ್ಲೂ ಪಾರ್ಸನ್ ನೆಮ್ಮದಿಯಾಗಿಲ್ಲ. ಜೀವಜಾತಿಗಳ ಅಳಿವಿನ ಅಪಾಯವನ್ನು ಅಳೆಯುವ ಐಯುಸಿಎನ್ ಸಂಸ್ಥೆಯ ಕೆಂಪು ಪಟ್ಟಿ ಅದನ್ನು ಅಪಾಯಕ್ಕೆ ಸಮೀಪದಲ್ಲಿರುವ ಜಾತಿಯೆಂದು ಗುರುತಿಸಿದೆ. ಭತ್ತಕ್ಕಾಗಿ ಮಳೆಕಾಡು ಕಡಿದು ಸುಡುವ ಬೇಸಾಯಕ್ಕೆ ಅಲ್ಲಿ ತಾವಿ ಎನ್ನುತ್ತಾರೆ. ಎರಡು ವರ್ಷಕ್ಕೊಮ್ಮೆ ಮೊಟ್ಟೆಯಿಟ್ಟು, ಮತ್ತೆರಡು ವರ್ಷ ಮಣ್ಣಿನೊಳಗೆ ಕಾಯುವ ಜೀವಿಗೆ ಸುಟ್ಟ ನೆಲ ಮತ್ತೆ ಹಸಿರಾಗುವವರೆಗೆ ಉಳಿಯುವ ದಾರಿಯಿಲ್ಲ.

ಮತ್ತೆ ಆ ಡಬ್ಬಿಯ ವಿಷಯ. ಹೆಣ್ಣು ಆಳವಾದ ಮಣ್ಣಿನ ತೊಟ್ಟಿಯಲ್ಲಿ ತಾನೇ ಗುಂಡಿ ತೋಡಿ ಇಟ್ಟು ಮುಚ್ಚಿದ ಮೊಟ್ಟೆಗಳನ್ನು, ಮೇಲಿನ ಮಗ್ಗುಲು ಕೆಳಗಾಗದಂತೆ ಒಂದೊಂದಾಗಿ ಎತ್ತಿ ಇದರಲ್ಲಿ ಇಡಲಾಗಿದೆ. ಕೆಲವು ತಿಂಗಳು ಬೆಚ್ಚಗೆ, ಕೆಲವು ತಿಂಗಳು ತಂಪಾಗಿ, ಮತ್ತೆ ಬೆಚ್ಚಗೆ. ಕಾಡಿನ ಋತುಗಳನ್ನು ಹೀಗೆ ಅನುಕರಿಸಿದರೆ ಒಳಗಿನ ಭ್ರೂಣ ಬೆಳೆಯುತ್ತದೆ. ತಾರೀಖು ಬರೆದ ಶಾಯಿ ಮಾಸಿದ ಮೇಲೆ ಒಂದು ಬೆಳಗ್ಗೆ ಮೊಟ್ಟೆಯ ಮೈಮೇಲೆ ಬೆವರಿನಂಥ ಹನಿಗಳು ಮೂಡುತ್ತವೆ. ಸಿಪ್ಪೆ ತುಸು ಕುಗ್ಗುತ್ತದೆ, ತುದಿಯಲ್ಲಿ ಒಂದು ಸೀಳು ಕಾಣುತ್ತದೆ. ಸೀಳಿನಿಂದ ಮೂತಿ ಹೊರಬಂದು ಅಲ್ಲಿಯೇ ನಿಲ್ಲುತ್ತದೆ, ಎಷ್ಟೋ ಗಂಟೆ ಹಾಗೇ ಇರುತ್ತದೆ. ಸಹಾಯ ಮಾಡೋಣವೆಂದು ಕೈ ಚಾಚಿದವರು ಹಿಂದಕ್ಕೆ ತೆಗೆದುಕೊಳ್ಳಬೇಕು, ಒಳಗಿನ ಹಳದಿ ಲೋಳೆ ಇನ್ನೂ ಮೈಗೆ ಸೇರುತ್ತಿರುತ್ತದೆ. ಕೊನೆಗೆ ಬೆರಳುದ್ದದ ಮರಿಯೊಂದು ಪುಡಿಯ ಮೇಲೆ ಕಾಲೂರಿ, ಒಂದು ಕಣ್ಣನ್ನು ಮುಂದಕ್ಕೂ ಇನ್ನೊಂದನ್ನು ಹಿಂದಕ್ಕೂ ತಿರುಗಿಸಿ, ಹತ್ತಲು ಕಡ್ಡಿ ಹುಡುಕುತ್ತದೆ.